ಸೇನಾ ಆಸ್ಪತ್ರೆಯ ಅವಘಡ: ವಿಚಾರಣೆಯ ಕಡತಗಳು ಕಲಿಸಿದ್ದು

ಭಾರತೀಯ ಸೇನೆಯ ಆಸ್ಪತ್ರೆಯಲ್ಲಿ ಚಿಕಿತ್ಸೆಯಿಂದಲೇ ರೋಗಿಗೆ ಹಾನಿಯಾಯಿತೆಂಬ ಶಂಕೆ ಎದ್ದಾಗ ಆಡಳಿತಾತ್ಮಕ ತನಿಖೆಯನ್ನು ಸಾಮಾನ್ಯವಾಗಿ ಕೋರ್ಟ್ ಆಫ್ ಎನ್‌ಕ್ವೈರಿಗೆ ಒಪ್ಪಿಸಲಾಗುತ್ತದೆ. 1954ರ ಸೇನಾ ನಿಯಮಗಳ ಪ್ರಕಾರ ಸಾಕ್ಷ್ಯ ಕಲೆಹಾಕುವುದು, ಕೇಳಿದ್ದರೆ ವರದಿ ಕೊಡುವುದು, ಇಷ್ಟೇ ಅದರ ಕೆಲಸ. ಶಿಕ್ಷೆ ವಿಧಿಸುವ ಅಧಿಕಾರ ಅದಕ್ಕಿಲ್ಲ.

ಏನನ್ನು ವಿಚಾರಿಸಬೇಕೆಂಬುದು ಅದನ್ನು ನೇಮಿಸಿದ ಅಧಿಕಾರಿಯ ಲಿಖಿತ ಆದೇಶದಲ್ಲಿರುತ್ತದೆ. ಇಂಥ ಕಡತಗಳ ನಡುವೆ ಕೆಲಸ ಮಾಡಿದ ಈ ಲೇಖಕನ ಅನುಭವದಲ್ಲಿ ತನಿಖೆ ಹಾದಿ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ‘ಯಾರು ಹೊಣೆ’ ಎಂದು ಆದೇಶ ಕೇಳಿದರೆ ಉತ್ತರವಾಗಿ ಒಂದು ಹೆಸರು ಬರುತ್ತದೆ. ಬಹುತೇಕ ಅದು ಆ ರಾತ್ರಿ ಪಾಳಿಯಲ್ಲಿದ್ದ ನರ್ಸಿಂಗ್ ಅಸಿಸ್ಟೆಂಟ್‌ನದು. ‘ಔಷಧ ಬರೆದಲ್ಲಿಂದ ಕೊಟ್ಟ ತನಕ ಏನೇನಾಯಿತು’ ಎಂದು ಕೇಳಿದರೆ, ಒಂದೇ ಟ್ರೇಯಲ್ಲಿ ಅಕ್ಕಪಕ್ಕ ಇಟ್ಟಿದ್ದ ಒಂದೇ ಅಳತೆಯ ಎರಡು ಆಂಪ್ಯೂಲ್‌ಗಳು, ಅಳಿಸಿಹೋದ ಲೇಬಲ್, ತುಂಬದೆ ಉಳಿದ ಹುದ್ದೆ ಎಲ್ಲವೂ ವರದಿಯೊಳಗೆ ಬರುತ್ತವೆ.

ದರ್ಜೆಯ ಅಂತರ ಎರಡನೆಯ ತೊಡಕು. ಯಾರ ನಡತೆಗೋ ಸೇನಾ ಗೌರವಕ್ಕೋ ಧಕ್ಕೆ ಬರುವಂತಿದ್ದರೆ ಅವರು ವಿಚಾರಣೆಯುದ್ದಕ್ಕೂ ಹಾಜರಿದ್ದು ಸಾಕ್ಷಿಗಳನ್ನು ಪಾಟೀಸವಾಲು ಮಾಡಲು 180ನೇ ನಿಯಮ ಅವಕಾಶ ಕೊಡುತ್ತದೆ. ಇದು ನ್ಯಾಯವೇ. ಆದರೆ ಕರ್ನಲ್ ದರ್ಜೆಯ ಸರ್ಜನ್ ಎದುರಿಗೆ ಕುಳಿತಿರುವಾಗ ಅವರ ಕೈಕೆಳಗಿನ ಸಿಪಾಯಿಯ ಬಾಯಿ ಕಟ್ಟಿಹೋಗುತ್ತದೆ. ಸುಳ್ಳು ಸಾಕ್ಷ್ಯದ ಆರೋಪವೊಂದನ್ನು ಬಿಟ್ಟರೆ ಇಲ್ಲಿ ಕೊಟ್ಟ ಹೇಳಿಕೆಯನ್ನು ಕೊಟ್ಟವರ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎನ್ನುತ್ತದೆ 182ನೇ ನಿಯಮ. ಪ್ರಮಾಣವಚನಕ್ಕೆ ಮೊದಲೇ ಇದನ್ನು ಸಾಕ್ಷಿಗೆ ಅವನ ಭಾಷೆಯಲ್ಲಿ ತಿಳಿಹೇಳಿದರೆ ಮಾತು ತಾನಾಗಿ ಸಡಿಲಗೊಳ್ಳುತ್ತದೆ.

ಎಲ್ಲಕ್ಕಿಂತ ತುರ್ತಿನದು ದಾಖಲೆ. 2002ರ ಆಪರೇಷನ್ ಪರಾಕ್ರಮ್ ವೇಳೆ ಜಮ್ಮು-ಕಾಶ್ಮೀರದ ಸೇನಾ ಆಸ್ಪತ್ರೆಯೊಂದರಲ್ಲಿ ರಕ್ತ ಪಡೆದಿದ್ದ ವಾಯುಪಡೆಯ ಕಾರ್ಪೊರಲ್ ಒಬ್ಬರಿಗೆ ಎಚ್‌ಐವಿ ಇರುವುದು ಗೊತ್ತಾದದ್ದು 2014ರಲ್ಲಿ. ಸೋಂಕಿಗೆ ಆ ರಕ್ತವೇ ಕಾರಣವೆಂದು ಸೇನೆಯ ವೈದ್ಯಕೀಯ ಮಂಡಳಿಗಳು ಒಪ್ಪಿದ್ದರೂ ಪರಿಹಾರ ಸಿಗಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಭೂಸೇನೆ ಮತ್ತು ವಾಯುಪಡೆ ಎರಡನ್ನೂ ಹೊಣೆಯಾಗಿಸಿ ಸುಮಾರು 1.54 ಕೋಟಿ ರೂಪಾಯಿ ಕೊಡಲು ಆದೇಶಿಸಿತು. ಹನ್ನೆರಡು ವರ್ಷದ ನಂತರ ಒಂದು ಯೂನಿಟ್ ರಕ್ತದ ಜಾಡು ಹಿಡಿಯಲು ಇರುವ ಆಧಾರ ಬ್ಯಾಗ್ ಸಂಖ್ಯೆ, ದಾನಿಯ ಪರೀಕ್ಷಾ ವರದಿ, ಕ್ರಾಸ್ ಮ್ಯಾಚ್ ರಿಜಿಸ್ಟರ್‌ನ ಒಂದು ಸಾಲು, ರಕ್ತ ಏರಿಸಿದವರ ಸಹಿ. ಆದ್ದರಿಂದ ಘಟನೆ ನಡೆದ ದಿನವೇ ಕೇಸ್ ಶೀಟನ್ನೂ ರಿಜಿಸ್ಟರನ್ನೂ ಮೊಹರು ಮಾಡಿ ವಾರ್ಡಿನ ಹೊರಗಿಡಬೇಕು. ಮರುದಿನ ‘ಪೂರ್ಣಗೊಳಿಸಿದ’ ಕೇಸ್ ಶೀಟ್ ಒಳ್ಳೆಯ ಉದ್ದೇಶದ್ದಾದರೂ ಅದರ ಮೇಲೆ ಭರವಸೆ ಇಡಲಾಗದು.

ಸಾಕ್ಷ್ಯದ ಪ್ರತಿ ಪಡೆಯುವ ಹಕ್ಕನ್ನು 184ನೇ ನಿಯಮ ಹೇಳುವುದು ಗೌರವಕ್ಕೆ ಧಕ್ಕೆಯಾಗುವ ಸೇನಾ ಸಿಬ್ಬಂದಿಯ ಬಗ್ಗೆ. ಹಾನಿಗೊಳಗಾದ ರೋಗಿಗೂ ಅವನ ಮನೆಯವರಿಗೂ ಆ ಹಕ್ಕು ಸಿಗಬೇಕು; ಏನಾಯಿತೆಂದು ತಿಳಿಯಲು ಯೋಧನ ಹೆಂಡತಿ ಕೋರ್ಟು ಅಲೆಯುವಂತಾಗಬಾರದು.