ಕಾರಿನೊಳಗಿನ ಸಪ್ಪಳವೂ ಸಂಗೀತವೂ

ಓಡುವ ವಾಹನದಲ್ಲಿ ಕುಳಿತು ಹಾಡು ಕೇಳುವ ಹವ್ಯಾಸವು ಇಂದು ನಿನ್ನೆಯದಲ್ಲ. ಅಮೇರಿಕೆಯ ಶಿಕಾಗೋ ನಗರದಲ್ಲಿ ಪಾಲ್ ಗ್ಯಾಲ್ವಿನ್ ಎಂಬವರ ಕಾರಖಾನೆಯು 1930ರಲ್ಲಿಯೇ ಮೋಟಾರಿಗೆ ಜೋಡಿಸುವ ರೇಡಿಯೋವನ್ನು ‘ಮೋಟರೋಲಾ’ ಎಂಬ ಹೆಸರಿನಿಂದ ಮಾರತೊಡಗಿತು. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದುದು 1935ರಲ್ಲಿ. ಮುಂದೆ 1950ರಲ್ಲಿ ಧಾರವಾಡ, 1966ರಲ್ಲಿ ಕಲಬುರ್ಗಿ ಕೇಂದ್ರಗಳು ಪ್ರಾರಂಭವಾದವು. ಈಗಂತೂ ಕಿಸೆಯೊಳಗಿನ ಮೊಬೈಲೇ ಕಾರಿನ ಗಾಯಕ.

ಮಂದ್ರೂಪದಂಥ ನಮ್ಮ ಊರಿನಲ್ಲಿಯೂ ಹಳೆಯದೋ ಹೊಸದೋ ಒಂದು ಕಾರನ್ನು ಕೊಂಡ ಮನೆಗಳು ಹೆಚ್ಚಾಗಿವೆ. “ಸರ್, ಗಾಡಿಗೆ ದೊಡ್ಡ ಸ್ಪೀಕರ್ ಹಾಕಸಬೇಕಂತ ಮಾಡೇವ್ರಿ, ಯಾವುದು ಛಲೋ?” ಎಂದು ನಮ್ಮನ್ನು ಕೇಳುವ ಪಾಲಕರುಂಟು. ವಿಜ್ಞಾನ ಬೋಧಿಸುವವನಿಗೆ ಇದೂ ತಿಳಿದಿರಬೇಕೆಂಬುದು ಅವರ ನಂಬಿಕೆ. ದೊಡ್ಡ ಸ್ಪೀಕರು ಆಮೇಲಿನ ಮಾತು, ಮೊದಲು ಗಾಡಿಯ ಸಪ್ಪಳ ಹಿಡಿಯಿರಿ ಎಂದು ನಾವು ಉತ್ತರ ಕೊಡುತ್ತೇವೆ. ಹಾಗೆ ಹೇಳುವುದಕ್ಕೆ ಕಾರಣವುಂಟು.

ಕೆಲವು ವರ್ಷಗಳ ಹಿಂದೆ ನಮ್ಮ ಕಾರಿನ ಹಿಂಭಾಗದಲ್ಲಿ ಟಕಟಕ ಎಂಬ ಸಪ್ಪಳ ಆರಂಭವಾಯಿತು. ಡಿಕ್ಕಿಯಲ್ಲಿನ ಜಾಕು ಪಾನಾಗಳು ಅಲುಗಾಡುತ್ತಿರಬೇಕೆಂದು ಬಗೆದು, ಹಾಡಿನ ಧ್ವನಿಯನ್ನು ಏರಿಸಿ ಅದನ್ನು ಮರೆತೆವು. ಹೀಗೆ ವಾರವೊಂದು ಕಳೆಯಿತು. ಒಂದು ಸಂಜೆ ಸೊಲ್ಲಾಪುರದಿಂದ ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಬರುತ್ತಿದ್ದಾಗ ಅವರಲ್ಲೊಬ್ಬನು, “ಸರ್, ಒಂದೀಟು ಹಾಡು ಬಂದ್ ಮಾಡ್ರಿ, ಹಿಂದಿನ ಗಾಲಿ ಏನೋ ಸಪ್ಪಳ ಮಾಡಾಕತ್ತೈತಿ” ಎಂದನು. ನಿಲ್ಲಿಸಿ ನೋಡಲಾಗಿ, ಎಡಗಡೆಯ ಹಿಂದಿನ ಗಾಲಿಯ ನಾಲ್ಕು ನಟ್ಟುಗಳಲ್ಲಿ ಎರಡು ಬರಿಗೈಯಿಂದ ತಿರುಗುವಷ್ಟು ಸಡಿಲಾಗಿದ್ದವು! ಪಂಕ್ಚರ್ ತೆಗೆಸಿದ ಮೇಲೆ ಬಿಗಿತವನ್ನು ಪರೀಕ್ಷಿಸದೆ ಹೊರಟ ತಪ್ಪು ನಮ್ಮದೇ. ಸಪ್ಪಳವು ಎಂಟು ದಿನಗಳಿಂದ ಅದನ್ನೇ ಹೇಳುತ್ತಿತ್ತು. ನಾವು ಸಂಗೀತದಿಂದ ಅದರ ಬಾಯಿ ಮುಚ್ಚಿಸಿದ್ದೆವು.

ಆದುದರಿಂದ ಮೊದಲನೆಯ ಪಾಠವಿದು. ಗಾಲಿ, ಬ್ರೇಕು, ಸ್ಟಿಯರಿಂಗು, ಸಸ್ಪೆನ್ಶನ್ ಇವುಗಳ ಕಡೆಯಿಂದ ಬರುವ ಸದ್ದನ್ನು ಮನೆಯಲ್ಲಿ ರಿಪೇರಿ ಮಾಡತಕ್ಕದ್ದಲ್ಲ. ಗಾಡಿ ನಿಲ್ಲಿಸಿ ಮಿಸ್ತ್ರಿಯನ್ನು ಕಾಣತಕ್ಕದ್ದು. ಬಾಗಿಲು, ಡ್ಯಾಶ್‌ಬೋರ್ಡು, ನಂಬರ್ ಪ್ಲೇಟು, ಡಿಕ್ಕಿ ಮುಂತಾದವುಗಳ ಸದ್ದು ಮಾತ್ರ ನಮ್ಮ ಪಾಲಿಗೆ ಬಂದದ್ದು.

ಈ ಸದ್ದುಗಳಿಗೊಂದು ವಿಚಿತ್ರ ಗುಣವುಂಟು. ಒಂದು ವೇಗದಲ್ಲಿ ಗಡಗಡನೆ ಕೇಳಿ, ವೇಗ ಸ್ವಲ್ಪ ಹೆಚ್ಚಿದೊಡನೆ ಮಾಯವಾಗುತ್ತವೆ. ಇದೇಕೆ? ನಾಗರಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಅದು ಹಿಂದಿರುಗಿ ಬಂದ ಹೊತ್ತಿಗೆ ಸರಿಯಾಗಿ ಮೆಲ್ಲನೆ ನೂಕುತ್ತ ಹೋದರೆ ಜೋಕಾಲಿ ಮುಗಿಲು ಮುಟ್ಟುತ್ತದೆ. ಹೊತ್ತುಗೊತ್ತಿಲ್ಲದೆ ನೂಕಿದರೆ ಏರುವುದಿಲ್ಲ. ಪ್ರತಿಯೊಂದು ವಸ್ತುವಿಗೂ ಹೀಗೆ ತನ್ನದೇ ಆದ ಒಂದು ಸ್ವಾಭಾವಿಕ ಕಂಪನವಿರುತ್ತದೆ. ಹೊರಗಿನ ನೂಕು ಅದಕ್ಕೆ ಹೊಂದಿದರೆ ವಸ್ತುವು ಜೋರಾಗಿ ಕಂಪಿಸುತ್ತದೆ. ಇದನ್ನೇ ಅನುರಣನವೆನ್ನುವರು. ನಾಲ್ಕು ಸಿಲಿಂಡರಿನ ಎಂಜಿನಿನಲ್ಲಿ ಒಂದು ಸುತ್ತಿಗೆ ಎರಡು ಸಲ ಇಂಧನ ಉರಿಯುತ್ತದೆ. ಎಂಜಿನು ನಿಮಿಷಕ್ಕೆ 1500 ಸುತ್ತು ತಿರುಗಿದರೆ ಸೆಕೆಂಡಿಗೆ 25 ಸುತ್ತು, ಅಂದರೆ 50 ನೂಕುಗಳಾದವು. ಸೆಕೆಂಡಿಗೆ 50 ಸಲ ಕಂಪಿಸುವ ಸ್ವಭಾವದ ತಗಡೊಂದು ಗಾಡಿಯಲ್ಲಿದ್ದರೆ ಅದು ಆಗಲೇ ಕುಣಿಯುವುದು; 2000 ಸುತ್ತಿಗೆ ಏರಿದಾಗ ನೂಕುಗಳು 67ರಷ್ಟಾಗಿ ಅದು ಸುಮ್ಮನಾಗುವುದು.

ಕಳ್ಳನನ್ನು ಹಿಡಿಯುವ ದಾರಿಯೂ ಇದರಲ್ಲಿಯೇ ಇದೆ. ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ (ಮುಚ್ಚಿದ ಕೋಣೆಯಲ್ಲಿ ಎಂಜಿನಿನ ಹೊಗೆ ಪ್ರಾಣಾಪಾಯಕರ), ಗೇರು ತೆಗೆದು, ಹ್ಯಾಂಡ್‌ಬ್ರೇಕು ಹಾಕಿ, ಸದ್ದು ಬರುವ ವೇಗದಲ್ಲಿಯೇ ಎಂಜಿನನ್ನು ಒಬ್ಬರು ಹಿಡಿದಿರಲಿ. ಇನ್ನೊಬ್ಬರು ಒಳಗಿನ ಒಂದೊಂದೇ ಭಾಗವನ್ನು ಅಂಗೈಯಿಂದ ಒತ್ತುತ್ತ ಹೋಗಲಿ. ಎಲ್ಲಿ ಒತ್ತಿದಾಗ ಸದ್ದು ನಿಲ್ಲುವುದೋ ಅಲ್ಲಿಯೇ ಅಪರಾಧಿ. ಹಾಡಿನ ಜೊತೆಗೆ ಮಾತ್ರ ಬರುವ ಸದ್ದಾದರೆ ಎಂಜಿನನ್ನು ಆರಿಸಿ, ಮೊಬೈಲಿನಿಂದ ಸೆಕೆಂಡಿಗೆ 40ರಿಂದ 200 ಕಂಪನಗಳವರೆಗೆ ಮೆಲ್ಲಗೆ ಏರುವ ಸ್ವರವನ್ನು ನುಡಿಸಿ ಹೀಗೆಯೇ ಹುಡುಕಬೇಕು.

ಚಿಕಿತ್ಸೆ ಬಲು ಅಗ್ಗ. ಗಡಗಡ ಎಂದರೆ ಎರಡು ವಸ್ತುಗಳು ಬಡಿದುಕೊಳ್ಳುತ್ತಿವೆ: ತಿರುಪು ಬಿಗಿಮಾಡಿ, ಇಲ್ಲವೇ ನಡುವೆ ಸೈಕಲ್ ಟ್ಯೂಬಿನ ತುಂಡನ್ನಿಡಿ. ಕಿರ್ರೆಂದರೆ ಒಂದಕ್ಕೊಂದು ಉಜ್ಜುತ್ತಿವೆ: ಬಟ್ಟೆಯ ಅಂಟುಪಟ್ಟಿ ಸಾಕು. ಬಾಗಿಲ ರಬ್ಬರಿಗೆ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಬೇಕೇ ಹೊರತು ಕೈಗೆ ಸಿಕ್ಕ ಎಂಜಿನ್ ಎಣ್ಣೆಯನ್ನಲ್ಲ. ಅದರಿಂದ ರಬ್ಬರು ಉಬ್ಬಿ ಕೆಡುತ್ತದೆ. ಏರ್‌ಬ್ಯಾಗ್ ಎಂದು ಬರೆದಿರುವ ಮುಚ್ಚಳಗಳನ್ನು ಬಿಚ್ಚಲೇಬಾರದು.

ಇನ್ನು ಸಂಗೀತದ ವಿಚಾರ. ಸ್ಪೀಕರಿನ ಹಾಳೆಯು ಮುಂದೆ ಗಾಳಿಯನ್ನು ಒತ್ತಿದಾಗಲೇ ಹಿಂದೆ ಗಾಳಿಯನ್ನು ಸೆಳೆಯುತ್ತದೆ. ಬಾಗಿಲಿನ ಒಳತಗಡಿನಲ್ಲಿ ದೊಡ್ಡ ತೂತುಗಳಿದ್ದರೆ ಹಿಂದಿನ ಅಲೆ ಮುಂದೆ ಬಂದು ಮುಂದಿನದನ್ನು ಅಳಿಸುತ್ತದೆ. ತಬಲೆಯ ಎಡಗೈ ಬಾಯ ಕೇಳಿಸುವುದೇ ಇಲ್ಲ. ಆ ತೂತುಗಳನ್ನು ಬ್ಯೂಟೈಲ್ ಹಾಳೆಯಿಂದ ಮುಚ್ಚಿ, ಸ್ಪೀಕರಿನ ಸುತ್ತ ಫೋಮಿನ ಬಳೆ ಇಟ್ಟರೆ ಹಳೆಯ ಸ್ಪೀಕರೇ ಹೊಸದಾಗಿ ಹಾಡುವುದುಂಟು. ಬಾಗಿಲಿನ ತಳದಲ್ಲಿರುವ ನೀರು ಸೋರುವ ತೂತುಗಳನ್ನು ಮಾತ್ರ ಮುಚ್ಚಬೇಡಿ. ಮುಚ್ಚಿದರೆ ತಗಡು ತುಕ್ಕು ಹಿಡಿಯುವುದು.

ಅಂಗಡಿಯ ಡಬ್ಬಿಯ ಮೇಲೆ ‘50 ವ್ಯಾಟ್ × 4’ ಎಂದು ಅಚ್ಚಾಗಿರುವುದನ್ನು ನಮ್ಮ ಒಂಬತ್ತನೆಯ ಇಯತ್ತೆಯ ಮಕ್ಕಳು ಲೆಕ್ಕ ಹಾಕಿ ನೋಡಲಿ. ಆ ಯಂತ್ರದ ಹಿಂದಿನ ಫ್ಯೂಜು 10 ಆಂಪಿಯರಿನದಾಗಿದ್ದು ಗಾಡಿಯ ವಿದ್ಯುತ್ತು 14 ವೋಲ್ಟಾಗಿದ್ದರೆ, ಒಳಗೆ ನಿರಂತರವಾಗಿ ಹೋಗಬಹುದಾದುದೇ 140 ವ್ಯಾಟು. ಹೊರಗೆ 200 ಬರುವುದೆಲ್ಲಿಂದ? ಅದು ಕ್ಷಣಮಾತ್ರದ ಗರಿಷ್ಠವೇ ಹೊರತು ನಿತ್ಯದ ಶಕ್ತಿಯಲ್ಲ. ‘ಆರ್‌ಎಂಎಸ್’ ಎಂದು ಬರೆದಿರುವ ಅಂಕಿಯನ್ನೇ ನಂಬಬೇಕು. ಅದು ಇಂಥ ಯಂತ್ರಗಳಲ್ಲಿ ಸ್ಪೀಕರಿಗೆ 20ರ ಆಸುಪಾಸಿನಲ್ಲಿರುತ್ತದೆ. ಮೇಲಾಗಿ ಶಕ್ತಿ ಇಮ್ಮಡಿಯಾದರೂ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿಯೆನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಹಣ ವ್ಯಾಟಿಗೆ ಸುರಿಯುವುದಕ್ಕಿಂತ ಬಾಗಿಲಿನ ತೂತು ಮುಚ್ಚುವುದು ಲಾಭಕರ.

ಸ್ಪೀಕರಿನ ತಂತಿಗಳಲ್ಲಿ ಧನ ಋಣ ಯಾವುದೆಂದು ತಿಳಿಯದಿದ್ದರೆ, ಅವನ್ನು ಯಂತ್ರದಿಂದ ಬಿಡಿಸಿ, ಗಡಿಯಾರದ 1.5 ವೋಲ್ಟಿನ ಶೆಲ್ಲನ್ನು ಕ್ಷಣಕಾಲ ಮುಟ್ಟಿಸಿರಿ. ಹಾಳೆ ಹೊರಗೆ ಚಿಮ್ಮಿದರೆ ಶೆಲ್ಲಿನ ಧನತುದಿ ಮುಟ್ಟಿದ ತಂತಿಯೇ ಧನ. ಎರಡು ಸ್ಪೀಕರುಗಳಲ್ಲಿ ಒಂದನ್ನು ತಲೆಕೆಳಗಾಗಿ ಜೋಡಿಸಿದರೆ ಒಂದು ಒತ್ತಿದಾಗ ಇನ್ನೊಂದು ಸೆಳೆದು ತಗ್ಗಿನ ಸ್ವರಗಳು ಸೊರಗುತ್ತವೆ.

ಕೆಲಸಕ್ಕೆ ಮೊದಲು ಬ್ಯಾಟರಿಯ ಋಣತುದಿಯನ್ನು ಬಿಚ್ಚಿಡತಕ್ಕದ್ದು. 12 ವೋಲ್ಟೆಂದು ಅಸಡ್ಡೆ ಬೇಡ; ಅದು ಮೈಗೆ ಹೊಡೆಯದಿದ್ದರೂ ತಂತಿ ತಗಡಿಗೆ ತಾಗಿದಾಗ ನೂರಾರು ಆಂಪಿಯರು ಹರಿದು ತಂತಿ ಕೆಂಡವಾಗುತ್ತದೆ. ಪ್ರತ್ಯೇಕ ಆಂಪ್ಲಿಫಾಯರಿಗೆ ತಂತಿ ಎಳೆಯುವಾಗ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಫ್ಯೂಜು ಇರಬೇಕು. ಫ್ಯೂಜು ಕಾಯುವುದು ಮುಖ್ಯವಾಗಿ ತಂತಿಯನ್ನು. ಸುಟ್ಟ ಫ್ಯೂಜಿನ ಜಾಗದಲ್ಲಿ ತಾಮ್ರದ ಎಳೆ ಸುತ್ತುವವರನ್ನು ನಾವು ಕಂಡಿದ್ದೇವೆ. ಅವರ ಗಾಡಿಯಲ್ಲಿ ಮಕ್ಕಳನ್ನು ಕೂರಿಸಬೇಡಿ.

ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರಾಲಿ ಹೇರಿಕೊಂಡು, ಎದೆ ನಡುಗಿಸುವ ಹಾಡು ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರುಗಳ ಹಿಂದೆ ಹಾರ್ನು ಬಾರಿಸಿ ಬಾರಿಸಿ ದಣಿದವರಿಗೆ ಧ್ವನಿಯ ಮಿತಿಯನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೆ ಕುಳಿತವನ ಮಾತು ಹಿಂದಿನವನಿಗೆ ಕೂಗದೆ ಕೇಳಿಸಿದರೆ ಅದೇ ತಕ್ಕ ಧ್ವನಿ. ಅಂದು ಆ ಹುಡುಗನ ಮಾತು ನಮಗೆ ಕೇಳಿಸಿದ್ದು ಎರಡನೆಯ ಸಲ ಕೂಗಿದಾಗ.

ಶೆಲ್ಲು, ಮಲ್ಟಿಮೀಟರು, ಒಂದು ಹಳೆಯ ಸ್ಪೀಕರು ನಮ್ಮ ವಿಜ್ಞಾನದ ಕೋಣೆಯಲ್ಲಿವೆ. ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ತಾಸು ನಾವು ಅಲ್ಲಿಯೇ ಇರುತ್ತೇವೆ; ಪಾಲಕರು ಗಾಡಿಯೊಡನೆ ಬರಬಹುದು. ಬರುವಾಗ ಗಾಲಿಯ ಪಾನಾ ಮರೆಯದೆ ತನ್ನಿ, ನಟ್ಟುಗಳನ್ನು ಮೊದಲು ನೋಡೋಣ.