ನೆಲದಾಳದ ಸದ್ದು

ಅಮರಕೋಶದಲ್ಲಿ ಭೂಮಿಗೆ ಹಲವು ಹೆಸರುಗಳಿವೆ. ಅಲುಗದವಳಾದ್ದರಿಂದ ಅವಳು ಅಚಲೆ; ಎಲ್ಲವನ್ನೂ ಸಹಿಸುವವಳಾದ್ದರಿಂದ ಸರ್ವಂಸಹೆ. ಶಹಾಪುರದ ಬೆಟ್ಟಗಳನ್ನು ಕಂಡವರಿಗೆ ಈ ಹೆಸರುಗಳು ಸಾರ್ಥಕವೆಂದೇ ತೋರುತ್ತವೆ. ಮಲಗಿದ ಬುದ್ಧನನ್ನು ಹೋಲುವ ಆ ಕಲ್ಲುಬೆಟ್ಟಗಳು ತಲೆಮಾರುಗಳಿಂದ ಹಾಗೆಯೇ ನಿಂತಿವೆ. ಆದರೆ ನೆಲವನ್ನು ಬಗೆದು ಆಳಕ್ಕೆ ಇಳಿದಂತೆಲ್ಲ, ಭೂಮಿಯ ಸಹನೆಗೂ ಒಂದು ಮಿತಿಯುಂಟೆಂಬುದನ್ನು ಮನುಷ್ಯನು ಅರಿತನು. ಆ ಮಿತಿಯನ್ನು ಮೊದಲೇ ತಿಳಿಯಲು ನಡೆದ ಪ್ರಯತ್ನದ ಒಂದು ದೊಡ್ಡ ಅಧ್ಯಾಯ ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿದೆ.

ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿಯು 1880ರಲ್ಲಿ ಅಲ್ಲಿ ಕೆಲಸವನ್ನು ಕೈಗೊಂಡಿತು. ಚಿನ್ನದ ಪದರವನ್ನು ಬೆನ್ನಟ್ಟಿ ಗಣಿಗಳು ಆಳವಾಗುತ್ತ ಹೋದವು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗಿಂತ ಕೆಳಗೆ ಇಳಿಯಿತು. ಅಷ್ಟು ಆಳದಲ್ಲಿ, ಮೇಲಿನ ಬಂಡೆಯ ಭಾರವು ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 800 ಕಿಲೋಗ್ರಾಮಿನಷ್ಟಿರುತ್ತದೆ. ಅದಿರನ್ನು ತೆಗೆದಾಗ, ಅದು ಹೊತ್ತಿದ್ದ ಭಾರವು ಸುತ್ತಲಿನ ಬಂಡೆಯ ಮೇಲೆ ಬೀಳುತ್ತದೆ. ನಾಲ್ವರು ಹೊತ್ತ ಪಲ್ಲಕ್ಕಿಯಿಂದ ಒಬ್ಬನು ಸರಿದರೆ ಉಳಿದ ಮೂವರ ಹೆಗಲು ಬಾಗುವುದಿಲ್ಲವೇ? ಹಾಗೆಯೇ ಉಳಿದ ಬಂಡೆಯು ತಾಳುವಷ್ಟು ತಾಳಿ, ಒಮ್ಮೆಲೇ ಸಿಡಿಯುತ್ತದೆ. ಇದೇ ಶಿಲಾಸ್ಫೋಟ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸುರಂಗವು ಕಲ್ಲಿನಿಂದ ತುಂಬಿಹೋಗುತ್ತದೆ. ಕೋಲಾರದ ಗಣಿಗಳಲ್ಲಿ ಇದರಿಂದ ಅನೇಕ ಕಾರ್ಮಿಕರು ಪ್ರಾಣ ತೆತ್ತರು. ದೊಡ್ಡ ಸ್ಫೋಟಗಳಾದಾಗ ಮೇಲಿನ ಊರಿನ ಮನೆಗಳೂ ನಡುಗುತ್ತಿದ್ದವು.

ಹಳೆಯ ಮನೆಯ ತೊಲೆಯು ಮುರಿಯುವ ಮುನ್ನ ಕಿರುಗುಟ್ಟುತ್ತದೆ. ಬಂಡೆಯೂ ಅಷ್ಟೇ. ಅದರೊಳಗೆ ಸಣ್ಣ ಬಿರುಕುಗಳು ಮೂಡುವಾಗ ಸಣ್ಣ ಕಂಪನಗಳು ಹುಟ್ಟುತ್ತವೆ. ಅನುಭವಿಗಳಾದ ಗಣಿಗಾರರು ಸರಳಿನಿಂದ ಚಾವಣಿಯನ್ನು ತಟ್ಟಿ ನೋಡುತ್ತಾರೆ. ಗಟ್ಟಿಯಾದ ಕಲ್ಲು ಖಣಿಲೆನ್ನುತ್ತದೆ, ಸಡಿಲಗೊಂಡ ಕಲ್ಲು ಬೋಳುಸದ್ದು ಮಾಡುತ್ತದೆ. ಆದರೆ ಬಂಡೆಯ ಒಡಲಿನ ಸದ್ದು ಕಿವಿಗೆ ನಿಲುಕದು. ಅದಕ್ಕೆ ಕಂಪನಮಾಪಕ ಬೇಕು. ಜರ್ಮನಿಯ ರೂರ್ ಕಲ್ಲಿದ್ದಲು ಪ್ರದೇಶದ ಬೋಖುಮ್ ನಗರದಲ್ಲಿ 1908ರಲ್ಲಿಯೇ ಗಣಿಯ ಕಂಪನಗಳನ್ನು ಗಮನಿಸುವ ಕೇಂದ್ರವೊಂದು ಆರಂಭವಾಗಿತ್ತು. ಕೋಲಾರದಲ್ಲಿ 1970ರ ದಶಕದ ಕೊನೆಯಲ್ಲಿ ಭಾಭಾ ಅಣುಶಕ್ತಿ ಸಂಶೋಧನ ಕೇಂದ್ರದ ನೆರವಿನಿಂದ ಕಂಪನಮಾಪಕಗಳ ಜಾಲವೊಂದನ್ನು ಹರಡಲಾಯಿತು. 1988ರಲ್ಲಿ ಅಲ್ಲಿಯೇ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಎಂಬ ಸಂಸ್ಥೆಯು ಸ್ಥಾಪನೆಗೊಂಡಿತು.

ಒಂದೇ ಮಾಪಕಕ್ಕೆ ಬದಲಾಗಿ ಜಾಲವೇಕೆ? ಬಂಡೆ ಒಡೆದಾಗ ಎರಡು ಬಗೆಯ ಅಲೆಗಳು ಹೊರಡುತ್ತವೆ. ಗಟ್ಟಿ ಬಂಡೆಯಲ್ಲಿ ಮೊದಲನೆಯದು ಸೆಕೆಂಡಿಗೆ ಸುಮಾರು 6 ಕಿಲೋಮೀಟರ್, ಎರಡನೆಯದು ಸುಮಾರು ಮೂರೂವರೆ ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಎರಡೂ ತಲಪುವುದರ ನಡುವೆ ಸೆಕೆಂಡಿನ ಹತ್ತನೆಯ ಒಂದು ಭಾಗದ ಅಂತರವಿದ್ದರೆ, ಬಂಡೆ ಒಡೆದ ಸ್ಥಳವು ಸುಮಾರು 840 ಮೀಟರ್ ದೂರದಲ್ಲಿದೆ ಎಂದರ್ಥ. ಆದರೆ ಒಂದು ಮಾಪಕವು ಹೇಳುವುದು ದೂರವನ್ನು ಮಾತ್ರ, ದಿಕ್ಕನ್ನಲ್ಲ. ಹಲವು ಕಡೆಗಳಲ್ಲಿರುವ ಮಾಪಕಗಳ ಲೆಕ್ಕವನ್ನು ಕೂಡಿಸಿದಾಗ ಗಣಿಯ ಯಾವ ಭಾಗದಲ್ಲಿ ಬಂಡೆ ಒಡೆಯಿತೆಂಬುದು ತಿಳಿಯುತ್ತದೆ. ಒಂದೇ ಭಾಗದಲ್ಲಿ ಕಂಪನಗಳು ಹೆಚ್ಚುತ್ತ ಹೋದರೆ ಅದು ಎಚ್ಚರಿಕೆ. ಆಗ ಅಲ್ಲಿಂದ ಕಾರ್ಮಿಕರನ್ನು ಹಿಂದಕ್ಕೆ ಕರೆಸಬಹುದು, ಅದಿರು ತೆಗೆಯುವ ಕ್ರಮವನ್ನು ಬದಲಿಸಬಹುದು, ಬರಿದಾದ ಜಾಗವನ್ನು ಕಾಂಕ್ರೀಟಿನಿಂದ ತುಂಬಿ ಆಧಾರ ಕೊಡಬಹುದು.

ಇಲ್ಲೊಂದು ಮಾತನ್ನು ಮರೆಯಬಾರದು. ಸ್ಫೋಟವು ಇಂಥ ದಿನ, ಇಂಥ ಗಂಟೆಗೆ ಆಗುವುದೆಂದು ಯಾವ ಮಾಪಕವೂ ಹೇಳಲಾರದು. ಕೆಲವೊಮ್ಮೆ ಎಚ್ಚರಿಕೆಯ ಬಳಿಕವೂ ಏನೂ ಆಗದಿರಬಹುದು. ಕೆಲಸ ನಿಲ್ಲಿಸಿದ್ದರಿಂದ ನಷ್ಟವಾಯಿತೆಂದು ಆಗ ಯಾರಾದರೂ ಗೊಣಗಬಹುದು. ಆದರೆ ನಿಂತ ಕೆಲಸವನ್ನು ಮರುದಿನ ಮುಂದುವರಿಸಬಹುದು; ಹೋದ ಜೀವವನ್ನು ಮರಳಿ ತರಲಾಗದು. ಉಪಕರಣವು ಸೂಚನೆಯನ್ನಷ್ಟೇ ಕೊಡುತ್ತದೆ. ಅದಕ್ಕೆ ಬೆಲೆ ಕೊಡುವ ವಿವೇಕ ಮನುಷ್ಯನದೇ ಆಗಿರಬೇಕು.

2001ರ ಫೆಬ್ರುವರಿ 28ರಂದು ಕೋಲಾರದ ಗಣಿಗಳು ಮುಚ್ಚಿದವು. ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿತು. ಆದರೂ ಕಂಪನಗಳು ಕೂಡಲೇ ನಿಲ್ಲಲಿಲ್ಲ. ಮನುಷ್ಯನು ಕೆಲಸ ಮುಗಿಸಿ ಹೊರಬಂದ ಮೇಲೂ ಅವನು ಕದಡಿದ ನೆಲವು ತನ್ನ ಸಮತೋಲವನ್ನು ಹುಡುಕುತ್ತಲೇ ಇರುತ್ತದೆ.

ಶಹಾಪುರದ ವಿದ್ಯಾರ್ಥಿಗಳಿಗೆ ಇದು ದೂರದ ಊರಿನ ಸುದ್ದಿಯಲ್ಲ. ಕೃಷ್ಣೆಯ ಆಚೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ನೆಲದಡಿಯಿಂದ ಚಿನ್ನವನ್ನು ತೆಗೆಯಲಾಗುತ್ತಿದೆ. ಶಹಾಪುರ ತಾಲ್ಲೂಕಿನ ಗೋಗಿಯ ನೆಲದಲ್ಲಿಯೇ ಯುರೇನಿಯಂ ನಿಕ್ಷೇಪವು ಪತ್ತೆಯಾಗಿದೆ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿ ಗಣಿಗಳ ಕಲ್ಲಿದ್ದಲು ಬರುತ್ತದೆ. ನೆಲದಡಿಯ ಕಲ್ಲಿದ್ದಲು ಗಣಿಯಲ್ಲಿ, ಇದ್ದಲು ತೆಗೆದ ಜಾಗದ ಮೇಲೆ ಜೋತು ನಿಂತ ಮರಳುಗಲ್ಲಿನ ಚಾವಣಿಯು ಒಮ್ಮೆಲೇ ಕುಸಿದರೆ, ಒಳಗಿನ ಗಾಳಿಯೇ ಬಿರುಗಾಳಿಯಾಗಿ ಸುರಂಗಗಳಲ್ಲಿ ನುಗ್ಗಿ ಆಳುಗಳನ್ನು ಕೆಡವುತ್ತದೆ. ಅಲ್ಲಿಯೂ ಕುಸಿತದ ಮುನ್ಸೂಚನೆಯನ್ನು ಬಂಡೆಯ ಕಂಪನಗಳಲ್ಲಿಯೇ ಹುಡುಕಬೇಕಾಗುತ್ತದೆ. ಮನೆಯಲ್ಲಿ ದೀಪವು ಬೆಳಗುವಾಗ, ಎಲ್ಲಿಯೋ ನೆಲದಡಿಯ ಕತ್ತಲೆಯಲ್ಲಿ ದುಡಿಯುವವರೂ ಅವರಿಗಾಗಿ ಹಗಲಿರುಳು ಬಂಡೆಯ ಸದ್ದನ್ನು ಆಲಿಸುವವರೂ ಇದ್ದಾರೆಂಬುದನ್ನು ನೆನೆಯುವುದು ನಮ್ಮ ಕರ್ತವ್ಯ.