ತಾಳಿಗೆ ಮುನ್ನ ಲೆಕ್ಕ ತಾಳೆಯಾಗಲಿ

ಹೆಣ್ಣು ನೋಡುವ ದಿನ ಹುಡುಗಿಯ ದೊಡ್ಡಪ್ಪ ಹುಡುಗನಿಗೆ ಸೈಟು ಇದೆಯೇ ಎಂದು ವಿಚಾರಿಸುತ್ತಾರೆ. ಹುಡುಗನ ಸೋದರಮಾವ ಹುಡುಗಿ ಮದುವೆಯಾದ ಮೇಲೂ ಕೆಲಸಕ್ಕೆ ಹೋಗುತ್ತಾಳೆಯೇ ಎಂದು ಕೇಳುತ್ತಾರೆ. ಮೂವತ್ತಾರಕ್ಕೆ ಎಷ್ಟು ಗುಣ ಕೂಡಿತೆಂದು ಜೋಯಿಸರು ಹೇಳುತ್ತಾರೆ. ಹೀಗೆ ಹಿರಿಯರೆಲ್ಲ ದುಡ್ಡಿನ ಮಾತು ಆಡಿ ಮುಗಿಸುತ್ತಾರೆ. ಒಟ್ಟಿಗೆ ಬಾಳಬೇಕಾದ ಇಬ್ಬರು ಮಾತ್ರ ಅದನ್ನು ಎತ್ತುವುದೇ ಇಲ್ಲ. ಪ್ರೀತಿಸಿ ಮದುವೆಯಾಗುವವರಲ್ಲೂ ಅಷ್ಟೇ. ವರ್ಷಗಟ್ಟಲೆ ಒಟ್ಟಿಗೆ ಓಡಾಡಿರುತ್ತಾರೆ, ಒಬ್ಬರ ಸಾಲ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಇವರಿಬ್ಬರೂ ಆಡದೆ ಬಿಟ್ಟ ಮಾತಿನ ಜಾಗಕ್ಕೆ ಹಳೆಯ ರೂಢಿ ಬಂದು ಕೂರುತ್ತದೆ: ಗಂಡು ತರಬೇಕು, ಹೆಣ್ಣು ತೂಗಿಸಬೇಕು. ಇಬ್ಬರೂ ದುಡಿಯುವ ಮನೆಯಲ್ಲಿ ಈ ರೂಢಿ ಇಬ್ಬರನ್ನೂ ಹಿಂಡುತ್ತದೆ. ದುಡ್ಡಿನ ಆ ಮಾತನ್ನು ನೀವೇ ಆಡಿ. ಹೇಗೆ ಶುರು ಮಾಡಬಹುದು ಎಂಬುದಕ್ಕೆ ಈ ಒಂಬತ್ತು ಸೂತ್ರಗಳು.

1. ಪ್ಯಾಕೇಜ್ ಬಿಡಿ, ಕೈಗೆ ಬರುವ ಹಣ ಹೇಳಿ

ಹನ್ನೆರಡು ಲಕ್ಷದ ಪ್ಯಾಕೇಜ್ ಎಂದರೆ ತಿಂಗಳಿಗೆ ಒಂದು ಲಕ್ಷ ಎಂದು ಬೀಗರು ಲೆಕ್ಕ ಹಾಕುತ್ತಾರೆ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಬಂದರೆ ಬರುವ ಬೋನಸ್ ಎಲ್ಲವೂ ಅದರೊಳಗೇ ಸೇರಿರುತ್ತವೆ. ಪ್ರತಿ ತಿಂಗಳು ಬ್ಯಾಂಕಿಗೆ ಬೀಳುವ ಮೊತ್ತ ಎಷ್ಟೋ ಅಷ್ಟನ್ನೇ ಹೇಳಿ.

ಸಾಲವನ್ನೂ ಅದೇ ಉಸಿರಿನಲ್ಲಿ ಹೇಳಿ. ಓದಿನ ಸಾಲ, ಕ್ರೆಡಿಟ್ ಕಾರ್ಡ್ ಬಾಕಿ, ಎತ್ತಿ ಆಗಿರುವ ಚೀಟಿಯ ಕಂತು, ತಂಗಿಯ ಮದುವೆಗೆಂದು ತೆಗೆದ ಕೈಸಾಲ, ಸೊಸೈಟಿಯಲ್ಲಿ ಅಪ್ಪ ಮಾಡಿದ ಬೆಳೆ ಸಾಲಕ್ಕೆ ಹಾಕಿದ ಜಾಮೀನು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮದುವೆಯಾದ ಮೇಲೆ ಬ್ಯಾಂಕಿನವರ ಫೋನಿನಿಂದ ಗೊತ್ತಾದರೆ ಮಾತ್ರ ನಂಬಿಕೆ ಒಡೆಯುತ್ತದೆ. ಸಿಬಿಲ್‌ನಂಥ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ಸಾಲವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ನಿಶ್ಚಿತಾರ್ಥಕ್ಕೆ ಮುಂಚೆ ಇಬ್ಬರೂ ತರಿಸಿಕೊಂಡು ಒಬ್ಬರದನ್ನೊಬ್ಬರು ಓದಿ. ಜಾತಕ ತೋರಿಸಲು ಇಲ್ಲದ ಸಂಕೋಚ ಇದಕ್ಕೇಕೆ?

2. ಬಿಲ್ಲು ಬಂದಾಗ ಗಂಡಸುತನ ಅಳೆಯಬೇಡಿ

ಕಾಫಿಗೆ ಕರೆದವರು ಕೊಡಲಿ, ಇಲ್ಲವೇ ಒಂದು ಸಲ ಇವರು, ಇನ್ನೊಂದು ಸಲ ಅವರು. ಫೋನ್‌ಪೇ ಇರುವ ಕಾಲದಲ್ಲಿ ಇದು ದೊಡ್ಡ ವಿಷಯವೇ ಅಲ್ಲ. ಆದರೂ ಎಷ್ಟೋ ಹುಡುಗರು ತಿಂಗಳ ಕೊನೆಯಲ್ಲಿ ಸ್ನೇಹಿತರ ಹತ್ತಿರ ಸಾಲ ಮಾಡಿ ಕಾಫಿ ಕುಡಿಸುತ್ತಾರೆ, ಎಷ್ಟೋ ಹುಡುಗಿಯರು ‘ಇಷ್ಟು ಖರ್ಚು ಮಾಡಿದ್ದಾನಲ್ಲ’ ಎಂಬ ಮುಲಾಜಿಗೆ ಬಿದ್ದು ಬೇಡವೆನ್ನಬೇಕಾದಲ್ಲಿ ಸುಮ್ಮನಾಗುತ್ತಾರೆ. ಯಾರು ಬಿಲ್ಲು ಕೊಟ್ಟರೂ ಅದರಿಂದ ಯಾರ ಮೇಲೂ ಹಕ್ಕು ಹುಟ್ಟುವುದಿಲ್ಲ.

ಮ್ಯಾಟ್ರಿಮೋನಿಯಲ್ಲಿ ಪರಿಚಯವಾಗಿ, ಮುಖಾಮುಖಿ ಭೇಟಿಯೇ ಆಗದೆ, ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಉಡುಗೊರೆ ಸಿಕ್ಕಿಕೊಂಡಿದೆ, ಸುಂಕ ಕಟ್ಟು ಎಂದು ಯಾರಾದರೂ ಕೇಳಿದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಕಳಿಸಿಬಿಟ್ಟಿದ್ದರೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಕೈಬಿಟ್ಟು ಹೋಗುತ್ತದೆ.

3. ಬೇಡಿಕೆಯ ಪಟ್ಟಿಯನ್ನು ತಿರುಗಿಸಿ ಓದಿ

ಬೆಂಗಳೂರಿನಲ್ಲಿ ಸ್ವಂತ ಮನೆ ಇರಬೇಕು, ಅತ್ತೆ ಮಾವ ಊರಲ್ಲಿರಬೇಕು ಎಂದು ಒಂದು ಕಡೆಯ ಪಟ್ಟಿ. ಕೆಲಸಕ್ಕೂ ಹೋಗಬೇಕು, ಅಡುಗೆಯೂ ಬರಬೇಕು, ಹೊಂದಿಕೊಂಡೂ ಹೋಗಬೇಕು ಎಂದು ಇನ್ನೊಂದು ಕಡೆಯದು. ಬರೆದವರು ಅದನ್ನು ತಮಗೇ ಅನ್ವಯಿಸಿ ನೋಡಲಿ. ಇಪ್ಪತ್ತೆಂಟು ವರ್ಷದ ಹುಡುಗನೊಬ್ಬ ಅಪ್ಪನ ಆಸ್ತಿಯ ನೆರವಿಲ್ಲದೆ ಬೆಂಗಳೂರಿನಲ್ಲಿ ಸ್ವಂತ ಮನೆ ಮಾಡಲು ಸಾಧ್ಯವೇ? ಹತ್ತು ಗಂಟೆ ಹೊರಗೆ ದುಡಿದು ಬಂದವಳು ಬಿಸಿಬಿಸಿ ರೊಟ್ಟಿ ತಟ್ಟಬೇಕೆನ್ನುವವರು ತಾವೇ ಒಂದು ವಾರ ಹಾಗೆ ಮಾಡಿ ನೋಡಿದ್ದಾರೆಯೇ?

ಈ ಪಟ್ಟಿಗಳ ಏಟು ಬಲವಾಗಿ ಬಿದ್ದಿರುವುದು ಹಳ್ಳಿಯ ಹುಡುಗರಿಗೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಮದುವೆಯಾಗದ ಯುವಕರು, ಹೆಚ್ಚಿನವರು ರೈತರು, ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋದರು. ನೋಡಿ ನಕ್ಕವರಿದ್ದರು. ನಗುವ ಸಂಗತಿ ಅದಲ್ಲ. ಬೇಸಾಯ ಮಾಡುವ ಅಪ್ಪ ಅಮ್ಮನೇ ಮಗಳಿಗೆ ಬೇಸಾಯಗಾರ ಬೇಡವೆನ್ನುತ್ತಾರೆ, ಏಕೆಂದರೆ ಆ ಬದುಕನ್ನು ಅವರು ಬಾಳಿದ್ದಾರೆ. ಇನ್ನೊಂದು ಕಾರಣವೂ ಇದೆ. ಅದೇ ವರ್ಷದ ನವೆಂಬರಿನಲ್ಲಿ ಅದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಕದ್ದು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. 1994ರ ಕಾಯ್ದೆ ಅದನ್ನು ನಿಷೇಧಿಸಿ ಮೂರು ದಶಕ ಸಮೀಪಿಸಿತ್ತು. ಹುಟ್ಟುವ ಮುಂಚೆ ಹೆಣ್ಣು ಬೇಡ, ಮದುವೆಗೆ ಮಾತ್ರ ಬೇಕು ಎಂಬ ಸಮಾಜ ಯಾವ ದೇವರ ಮುಂದೆ ಕೈಮುಗಿದು ನಿಲ್ಲಬಲ್ಲದು?

ರೈತನ ಮನೆಯವರಿಗೆ ಒಂದು ಮಾತು. ಎಷ್ಟು ಎಕರೆ ಎಂದಷ್ಟೇ ಹೇಳಿದರೆ ಸಾಲದು. ಖರ್ಚು ಕಳೆದು ವರ್ಷಕ್ಕೆ ಉಳಿಯುವುದೆಷ್ಟು, ಸೊಸೆಯ ಹೆಸರಿಗೆ ಏನು ಬರುತ್ತದೆ, ನಸುಕಿನಲ್ಲಿ ಹಾಲು ಕರೆಯುವವರು ಯಾರು, ಡೈರಿ ಹಣ ಯಾರ ಖಾತೆಗೆ ಬೀಳುತ್ತದೆ, ಓದಿದವಳು ಪಕ್ಕದ ಪೇಟೆಗೆ ಕೆಲಸಕ್ಕೆ ಹೋಗಬಹುದೇ ಎಂದು ಹೇಳಿ. ಹುಡುಗಿಯರು ಎಷ್ಟೋ ಕಡೆ ಬೇಡವೆನ್ನುತ್ತಿರುವುದು ಮಣ್ಣನ್ನಲ್ಲ, ಮಣ್ಣಿನಲ್ಲಿ ದುಡಿದೂ ಪಹಣಿಯಲ್ಲಿ ಹೆಸರಿಲ್ಲದ ಬಾಳನ್ನು.

4. ‘ನಾವೇನೂ ಕೇಳಲ್ಲ’ ಎಂದವರಿಗೆ ಬರೆದುಕೊಡಿ ಎನ್ನಿ

ವರದಕ್ಷಿಣೆ ಈಗ ಹೆಸರು ಬದಲಿಸಿಕೊಂಡು ಓಡಾಡುತ್ತಿದೆ. ‘ನಿಮ್ಮ ಮಗಳಿಗೆ ನೀವು ಎಷ್ಟು ಬೇಕೋ ಅಷ್ಟು ಹಾಕಿ’, ‘ಮದುವೆ ಮಾತ್ರ ನಮ್ಮ ಅಂತಸ್ತಿಗೆ ತಕ್ಕಂತೆ ಆಗಲಿ’, ‘ಕಾರು ಅವರಿಬ್ಬರಿಗೇ ತಾನೇ’. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ಶಿಕ್ಷೆ ಕನಿಷ್ಠ ಐದು ವರ್ಷದ ಸೆರೆ, ಜೊತೆಗೆ 15,000 ರೂಪಾಯಿ ಅಥವಾ ಕೊಟ್ಟದ್ದರ ಮೌಲ್ಯ, ಯಾವುದು ಹೆಚ್ಚೋ ಕನಿಷ್ಠ ಅಷ್ಟು ದಂಡ. ಕಾನೂನು ಇದೆ, ಆದರೆ ಮಾತುಕತೆಯ ದಿನ ಚಾಪೆಯ ಮೇಲೆ ಕೂತಿರುವ ಹುಡುಗ ಬಾಯಿ ಬಿಡದಿದ್ದರೆ ಅದು ಬಾಗಿಲಾಚೆಯೇ ನಿಲ್ಲುತ್ತದೆ. ‘ಅಪ್ಪ ಅಮ್ಮನ ಮಾತಿಗೆ ನಾನು ಎದುರಾಡಲ್ಲ’ ಎನ್ನುವವನು ನಾಳೆ ನಿಮ್ಮ ಪರವಾಗಿಯೂ ಮಾತಾಡಲಾರ. ಅಲ್ಲಿಗೇ ಎದ್ದು ಬನ್ನಿ.

ಹುಡುಗಿಯರೇ, ನಿಮಗೆ ನ್ಯಾಯವಾಗಿ ಬರಬೇಕಾದದ್ದು ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು. ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಈ ಹಕ್ಕಿನ ಬಾಗಿಲು ತೆರೆಯಿತು. 2005ರ ಕೇಂದ್ರ ತಿದ್ದುಪಡಿ ಮಗ ಮಗಳ ಭೇದವನ್ನು ತೆಗೆದುಹಾಕಿತು. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮದುವೆಯಾದ ಕೆಲವೇ ದಿನಕ್ಕೆ ಅಣ್ಣಂದಿರು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು ನಮ್ಮಲ್ಲಿ ಮಾಮೂಲಾಗಿದೆ. ಓದದೆ ಸಹಿ ಹಾಕಬೇಡಿ. ತವರು ತಪ್ಪಿಹೋಗುತ್ತದೆಂಬ ಭಯ ನನಗೆ ಅರ್ಥವಾಗುತ್ತದೆ. ಆದರೂ ಹೇಳುತ್ತೇನೆ, ಓದದೆ ಹಾಕಬೇಡಿ.

5. ಒಂದು ದಿನದ ಛತ್ರಕ್ಕೆ ಐದು ವರ್ಷದ ಕಂತು ಬೇಡ

ಸಾಲ ಮಾಡಿ ಮದುವೆ ಮಾಡಬೇಡಿ. ಮಾಡುವ ಖರ್ಚನ್ನು ಎರಡೂ ಮನೆಯವರು ಅರ್ಧರ್ಧ ಹಂಚಿಕೊಳ್ಳಿ. ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದ ಸರಳ ರೀತಿಯಲ್ಲಿ ಮಾಡಿಸಿದರು. ಧರ್ಮಸ್ಥಳದಲ್ಲಿ 1972ರಿಂದ ಉಚಿತ ಸಾಮೂಹಿಕ ವಿವಾಹ ನಡೆಯುತ್ತಿದೆ. ದಾರಿ ತೋರಿದವರು ಕಡಿಮೆಯಿಲ್ಲ.

6. ಮೂರು ಖಾತೆ ಇರಲಿ

ನಿಮ್ಮದೊಂದು, ಅವರದೊಂದು, ಮನೆಯದೊಂದು. ಮನೆಯ ಖಾತೆಗೆ ಸಮಸಮ ಹಾಕಬೇಕಿಲ್ಲ, ಗಳಿಕೆಗೆ ತಕ್ಕಂತೆ ಹಾಕಿ. ಒಬ್ಬರಿಗೆ 90,000, ಇನ್ನೊಬ್ಬರಿಗೆ 60,000 ಬರುತ್ತದೆ, ಬಾಡಿಗೆ ದಿನಸಿ ಎಲ್ಲ ಸೇರಿ ಮನೆಗೆ 50,000 ಬೇಕು ಎಂದುಕೊಳ್ಳಿ. ಒಬ್ಬರು 30,000, ಇನ್ನೊಬ್ಬರು 20,000 ಹಾಕಿದರೆ ಇಬ್ಬರ ಮೇಲೂ ಒಂದೇ ಭಾರ. ಹೆಂಡತಿಯ ಸಂಬಳ ಹೆಚ್ಚಿದ್ದರೆ ಅವಳದು ಹೆಚ್ಚು, ಅದರಿಂದ ಯಾರ ಮೀಸೆಯೂ ಮಣ್ಣಾಗುವುದಿಲ್ಲ.

ಹೆತ್ತವರಿಗೆ ಕಳಿಸುವ ಹಣದ ಮಾತನ್ನು ಮೊದಲೇ ಆಡಿ. ಮಗ ಕಳಿಸಿದರೆ ಕರ್ತವ್ಯ, ಸೊಸೆ ತವರಿಗೆ ಕಳಿಸಿದರೆ ‘ಮದುವೆಯಾದ ಮೇಲೂ ಕೊಡ್ತಾಳಂತೆ’ ಎಂಬ ಕೊಂಕು. ಮದುವೆಯಾದ ಮಗಳಿಗೂ ಹೆತ್ತವರನ್ನು ಸಲಹುವ ಹೊಣೆಯಿದೆ ಎಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. 2007ರ ಹಿರಿಯ ನಾಗರಿಕರ ಕಾಯ್ದೆಯೂ ಮಗ ಮಗಳು ಎಂದು ಬೇರೆ ಮಾಡುವುದಿಲ್ಲ. ಹೊಣೆ ಇಬ್ಬರಿಗೂ ಇದೆ ಎಂದಮೇಲೆ ದುಡ್ಡು ಎರಡೂ ಮನೆಗೆ ಹೋಗಬೇಕು.

7. ಮನೆಗೆಲಸವನ್ನೂ ಲೆಕ್ಕಕ್ಕೆ ಹಿಡಿಯಿರಿ

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಅದೂ ಒಂದಿಷ್ಟಾದರೂ ಕೈಜೋಡಿಸುವ ಗಂಡಸರ ಲೆಕ್ಕ. ಪಾತ್ರೆ ಮುಟ್ಟದವರು ಇದರಲ್ಲಿಲ್ಲ. ಹೆಣ್ಣು ದುಡಿಯಲು ಹೊರಗೆ ಬಂದಳು, ಗಂಡು ಅಡುಗೆಮನೆಗೆ ಹೋಗಲಿಲ್ಲ.

ಒಂದು ಹಾಳೆ ತೆಗೆದುಕೊಂಡು ಮನೆಯ ಕೆಲಸಗಳನ್ನೆಲ್ಲ ಬರೆಯಿರಿ. ಕಸ, ಪಾತ್ರೆ, ಬಟ್ಟೆ ಮಾತ್ರವಲ್ಲ. ಗ್ಯಾಸ್ ಬುಕ್ ಮಾಡುವುದು, ಮಾವನ ಬಿಪಿ ಮಾತ್ರೆ ಮುಗಿಯುವ ದಿನ ನೆನಪಿಡುವುದು, ಹಬ್ಬಕ್ಕೆ ಯಾರಿಗೆ ಸೀರೆ ಎಂದು ಯೋಚಿಸುವುದೂ ಕೆಲಸವೇ. ಒಂದೊಂದರ ಮುಂದೆ ಒಂದೊಂದು ಹೆಸರು ಬರೆಯಿರಿ. ಹೆಸರು ಬಿದ್ದ ಕೆಲಸ ಆರಂಭದಿಂದ ಕೊನೆಯವರೆಗೂ ಅವರದೇ.

ಮಗು ಬಂದಾಗ ಈ ಹಾಳೆ ಇನ್ನೂ ಮುಖ್ಯ. ಕಾನೂನು 26 ವಾರಗಳ ಹೆರಿಗೆ ರಜೆ ಕೊಡುತ್ತದೆ, ಆಮೇಲೆ ಮಗುವನ್ನು ಯಾರು ನೋಡಿಕೊಳ್ಳಬೇಕೆಂದು ಹೇಳುವುದಿಲ್ಲ. ಹೆಂಡತಿ ಎರಡು ವರ್ಷ ಕೆಲಸ ಬಿಟ್ಟರೆ ಹೋಗುವುದು ಎರಡು ವರ್ಷದ ಸಂಬಳ ಮಾತ್ರವಲ್ಲ. ಬಡ್ತಿ, ಪಿಎಫ್, ಮತ್ತೆ ಕೆಲಸ ಕೇಳುವಾಗಿನ ಧೈರ್ಯವೂ ಹೋಗುತ್ತದೆ. ಆ ಅವಧಿಯಲ್ಲಿ ಅವಳ ಹೆಸರಿನ ಪಿಪಿಎಫ್‌ಗೋ ಎನ್‌ಪಿಎಸ್‌ಗೋ ಗಂಡ ಪ್ರತಿ ತಿಂಗಳು ಹಣ ಕಟ್ಟಲಿ. ಅಪಘಾತ ಪರಿಹಾರದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಗೃಹಿಣಿಯ ದುಡಿಮೆಗೂ ಆದಾಯದ ಮೌಲ್ಯ ಕಟ್ಟಬೇಕೆಂದು ಹೇಳಿತು. ಸತ್ತ ಮೇಲೆ ಕೋರ್ಟು ಕಟ್ಟುವ ಬೆಲೆಯನ್ನು ಬದುಕಿರುವಾಗ ಮನೆಯವರು ಕಟ್ಟಲಿ. ಇದೇ ಮಾತು ಕೆಲಸ ಕಳೆದುಕೊಂಡು ಮನೆಯಲ್ಲಿ ಮಗು ನೋಡಿಕೊಳ್ಳುವ ಗಂಡನಿಗೂ ಸಲ್ಲುತ್ತದೆ. ಅವನನ್ನು ‘ಹೆಂಡತಿ ಸಂಬಳದಲ್ಲಿ ಕೂತು ತಿನ್ನುವವನು’ ಎನ್ನುವ ನೆಂಟರ ಬಾಯನ್ನು ಹೆಂಡತಿಯೇ ಮುಚ್ಚಿಸಬೇಕು.

8. ಕಾಗದಪತ್ರ ಸರಿಯಾಗಿರಲಿ

ಗೋವಾದ ಮಾತು ಬೇರೆ; ಉಳಿದ ಕಡೆ ಮದುವೆಗೆ ಮುಂಚಿನ ಆಸ್ತಿ ಒಪ್ಪಂದಗಳನ್ನು ಕೋರ್ಟುಗಳು ಸಾಮಾನ್ಯವಾಗಿ ಎತ್ತಿಹಿಡಿಯುವುದಿಲ್ಲ. ಹಾಗಾಗಿ ನಿಮ್ಮನ್ನು ಕಾಯುವುದು ಆಯಾ ಆಸ್ತಿಯ ಪತ್ರಗಳೇ.

ಮದುವೆಯನ್ನು ನೋಂದಣಿ ಮಾಡಿಸಿ. ಹುಡುಗಿಗೆ ಬಂದ ಒಡವೆ, ಉಡುಗೊರೆಗಳ ಪಟ್ಟಿ ಮಾಡಿ, ಫೋಟೊ ತೆಗೆದು, ರಸೀದಿಗಳನ್ನು ಅವಳ ಹತ್ತಿರವೇ ಇಡಿ; ಸ್ತ್ರೀಧನದ ಮೇಲೆ ಗಂಡನಿಗಾಗಲಿ ಅತ್ತೆಗಾಗಲಿ ಹಕ್ಕಿಲ್ಲ.

ಮನೆ ಸಾಲದ ವಿಷಯದಲ್ಲಿ ಬಹಳ ಎಚ್ಚರ ಬೇಕು. ಸಾಲದ ಮೊತ್ತ ಹೆಚ್ಚಲಿ ಎಂದು ಹೆಂಡತಿಯ ಸಂಬಳವನ್ನೂ ತೋರಿಸಿ ಅವಳನ್ನು ಸಹಸಾಲಗಾರಳನ್ನಾಗಿ ಮಾಡುತ್ತಾರೆ, ಕ್ರಯಪತ್ರ ಮಾತ್ರ ಗಂಡನ ಅಥವಾ ಮಾವನ ಹೆಸರಿನಲ್ಲಿರುತ್ತದೆ. ತೀರಿಸುವ ಹೊಣೆ ಅವಳಿಗಿದೆ, ಗೋಡೆಯ ಒಂದು ಇಟ್ಟಿಗೆಯೂ ಅವಳದಲ್ಲ. ಕ್ರಯಪತ್ರದಲ್ಲಿ ಹೆಸರಿದ್ದರೆ ಮಾತ್ರ ಸಾಲಪತ್ರಕ್ಕೆ ಸಹಿ. ಗಂಡು ಹೆಣ್ಣು ಇಬ್ಬರಿಗೂ ಈ ನಿಯಮ ಒಂದೇ.

ಗಂಡ ವ್ಯಾಪಾರ ಮಾಡುವವನಾದರೆ ಟರ್ಮ್ ವಿಮೆಯನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಾಡಿಸಲಿ. ಆ ಹಣ ಹೆಂಡತಿ ಮಕ್ಕಳ ಟ್ರಸ್ಟ್ ಆಗುತ್ತದೆ, ಸಾಲ ಕೊಟ್ಟವರು ಅದಕ್ಕೆ ಕೈ ಹಾಕುವಂತಿಲ್ಲ. ಪಾಲಿಸಿ ತೆಗೆದುಕೊಳ್ಳುವಾಗಲೇ ಇದನ್ನು ಬರೆಸಬೇಕು, ಆಮೇಲೆ ಆಗುವುದಿಲ್ಲ.

9. ತಿಂಗಳಿಗೊಮ್ಮೆ ಲೆಕ್ಕಕ್ಕೆ ಕೂರಿ, ಸಾಸಿವೆ ಡಬ್ಬಿಯನ್ನು ಬಿಡಬೇಡಿ

ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಶರಣ ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಆತ ಬೇಕಾದದ್ದಕ್ಕಿಂತ ಹೆಚ್ಚು ತಂದಾಗ, ಹಿಂದಕ್ಕೆ ಸುರಿದು ಬಾ ಎಂದು ಹೇಳಿದವಳು ಹೆಂಡತಿ ಲಕ್ಕಮ್ಮ. ಎಂಟುನೂರು ವರ್ಷಗಳ ಹಿಂದೆಯೇ ನಮ್ಮ ನಾಡಿನಲ್ಲಿ ಮನೆಗೆ ಎಷ್ಟು ಸಾಕು ಎಂಬುದನ್ನು ಹೆಂಡತಿ ಹೇಳಿದ್ದಳು, ಗಂಡ ಕೇಳಿದ್ದ. ನೀವೂ ಸಂಬಳ ಬಂದ ವಾರ ಅರ್ಧ ಗಂಟೆ ಕೂತು ಬಂದದ್ದು, ಹೋದದ್ದು, ಉಳಿದದ್ದು ನೋಡಿ. ಆ ಹೊತ್ತಿನಲ್ಲಿ ಹಳೆಯ ಜಗಳ ತೆಗೆಯುವಂತಿಲ್ಲ.

ನಮ್ಮ ಅಜ್ಜಿಯರು ಸಾಸಿವೆ ಡಬ್ಬಿಯಲ್ಲಿ ಗಂಡನಿಗೆ ಕಾಣದಂತೆ ದುಡ್ಡು ಕೂಡಿಡುತ್ತಿದ್ದರು, ಕೇಳುವ ಹಕ್ಕು ಅವರಿಗೆ ಇರಲಿಲ್ಲವಾದ್ದರಿಂದ. ಇಂದು ಅದು ಬಚ್ಚಿಡದ ಡಬ್ಬಿಯಾಗಲಿ. ಇಬ್ಬರಿಗೂ ತಮ್ಮದೇ ಒಂದಿಷ್ಟು ಹಣ, ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದಂತೆ.

ನಿಮ್ಮ ಎಟಿಎಂ ಕಾರ್ಡನ್ನು ಗಂಡ ಇಟ್ಟುಕೊಂಡರೆ, ಸಂಬಳವನ್ನು ಪೂರ್ತಿ ಕಿತ್ತುಕೊಂಡರೆ, ಮನೆಖರ್ಚಿಗೆ ಕೊಡದೆ ಸತಾಯಿಸಿದರೆ, ಒಡವೆಯನ್ನು ಕೇಳದೆ ಅಡವಿಟ್ಟರೆ ಹೊಂದಿಕೊಂಡು ಹೋಗಬೇಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಆರ್ಥಿಕ ದೌರ್ಜನ್ಯವನ್ನೂ ಹೆಸರಿಸಿ ಹೇಳುತ್ತದೆ. ಹೊಡೆತದ ಗುರುತು ಮೈಮೇಲೆ ಇರಬೇಕೆಂದಿಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಬ್ಯಾಂಕ್ ಸ್ಟೇಟ್‌ಮೆಂಟ್, ಒಡವೆಯ ರಸೀದಿ, ಆಧಾರ್, ಮದುವೆ ನೋಂದಣಿ ಪತ್ರದ ಒಂದೊಂದು ಪ್ರತಿಯನ್ನು ತವರಿನಲ್ಲೋ ನಂಬುವ ಗೆಳತಿಯ ಮನೆಯಲ್ಲೋ ಇವತ್ತೇ ಇಟ್ಟುಬಿಡಿ.